ಸುಣ್ಣ, ಮಣ್ಣು, ಕಲ್ಲು: ಕಟ್ಟುವ ಮೊದಲೂ ಕಟ್ಟಿದ ಮೇಲೂ ಕೇಳುವ ಪ್ರಶ್ನೆಗಳು

ಸುಣ್ಣ ಮತ್ತು ಮಣ್ಣಿನ ಕಟ್ಟಡದ ಮಾತು ಬಂದಾಗಲೆಲ್ಲ ಪತ್ರಗಳಲ್ಲಿ, ಕೆಲಸದ ಜಾಗದಲ್ಲಿ, ಹರಟೆಯ ನಡುವೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಮೊದಲಿನವು ಇನ್ನೂ ಯೋಚಿಸುತ್ತಿರುವವರ ಪ್ರಶ್ನೆಗಳು. ಕೊನೆಯವು ಗೋಡೆ ಎಬ್ಬಿಸಿ ಈಗ ಅದನ್ನು ದಿಟ್ಟಿಸುತ್ತ ನಿಂತಿರುವವರ ಪ್ರಶ್ನೆಗಳು.

## ಮೊದಲ ಸಂದೇಹಗಳು

ಮಣ್ಣಿನ ಗೋಡೆ ಮಳೆಗೆ ಕರಗಿ ಹೋಗುವುದಿಲ್ಲವೇ?

ಕರಗುತ್ತದೆ. ಒಣಗಿದ ಹಸಿ ಇಟ್ಟಿಗೆಯ, ಅಂದರೆ ಸುಡದ ಮಣ್ಣಿನ ಇಟ್ಟಿಗೆಯ, ಚೂರನ್ನು ಬಕೆಟ್ ನೀರಿನಲ್ಲಿ ಹಾಕಿ ನೋಡಿ, ಸ್ವಲ್ಪ ಹೊತ್ತಿನಲ್ಲೇ ಕೆಸರಾಗುತ್ತದೆ. ಇದನ್ನು ಮುಚ್ಚಿಟ್ಟು ಮಣ್ಣಿನ ಮನೆಯನ್ನು ಹೊಗಳುವವರನ್ನು ನಂಬಬೇಡಿ.

ಆದರೆ ಒಳ್ಳೆಯ ಗೋಡೆ ನೀರಿನಲ್ಲಿ ನಿಂತಿರುವುದಿಲ್ಲ. ಕೆಳಗೆ ಕಲ್ಲಿನ ಅಥವಾ ಸುಟ್ಟ ಇಟ್ಟಿಗೆಯ ಬುನಾದಿ ನೆಲದಿಂದ ಕನಿಷ್ಠ 30–45 ಸೆಂ.ಮೀ. ಮೇಲೆ ಬಂದಿರಬೇಕು. ಮೇಲೆ ಸೂರು ಗೋಡೆಯಿಂದ 60 ಸೆಂ.ಮೀ.ಗೂ ಹೆಚ್ಚು ಹೊರಚಾಚಿರಬೇಕು. ನಡುವೆ ಉಳಿದ ಗೋಡೆಗೆ ಬಡಿಯುವುದು ಗಾಳಿ ಹೊತ್ತು ತರುವ ಎರಚಲು ಮಾತ್ರ. ಅದನ್ನು ಸುಣ್ಣದ ಗಿಲಾವು ತಡೆದುಕೊಳ್ಳುತ್ತದೆ. ಯೆಮನ್‌ನ ಶಿಬಾಮ್ ನಗರದಲ್ಲಿ ಹಸಿ ಇಟ್ಟಿಗೆಯ ಬಹುಮಹಡಿ ಮನೆಗಳಲ್ಲಿ ಇಂದಿಗೂ ಜನ ವಾಸಿಸುತ್ತಿದ್ದಾರೆ. ಆ ನಗರ 1982ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಮಳೆ ಕಡಿಮೆ ಎಂಬುದು ನಿಜ. ಇಂಗ್ಲೆಂಡಿನ ಡೆವನ್‌ನಲ್ಲಿ ಮಳೆ ಧಾರಾಳ, ಅಲ್ಲಿಯೂ ಶತಮಾನಗಳಷ್ಟು ಹಳೆಯ ಮಣ್ಣಿನ ಮನೆಗಳಿವೆ. ಅವುಗಳ ಬುಡ ಕಲ್ಲಿನದು, ಸೂರು ಅಗಲವಾದದ್ದು.

ಪ್ರತಿ ವರ್ಷ ಗೋಡೆ ಮೆತ್ತುತ್ತಾ ಕೂರಬೇಕೇ?

ಗಿಲಾವೂ ಮಣ್ಣಿನದೇ ಆಗಿದ್ದು, ಸೂರು ಚಿಕ್ಕದಾಗಿದ್ದರೆ ಹೌದು. ಮಾಲಿ ದೇಶದ ಜೆನ್ನೆಯ ದೊಡ್ಡ ಮಸೀದಿಯನ್ನು ಊರಿಗೆ ಊರೇ ಸೇರಿ ವರ್ಷಕ್ಕೊಮ್ಮೆ ಮೆತ್ತುತ್ತದೆ. ಸುಣ್ಣದ ಗಿಲಾವು, ಅಗಲವಾದ ಸೂರು ಇದ್ದರೆ ಕೆಲಸ ಬಹಳ ಇಳಿಯುತ್ತದೆ: ಕೆಲವು ವರ್ಷಗಳಿಗೊಮ್ಮೆ ಸುಣ್ಣ ಬಳಿಯುವುದು, ಬಿರುಕು ಕಂಡಾಗ ಮುಚ್ಚುವುದು. ಅಷ್ಟನ್ನೂ ಮಾಡಲಾಗದು ಎನ್ನುವವರು ಮಣ್ಣಿನ ತಂಟೆಗೆ ಬರದಿರುವುದೇ ಲೇಸು.

ಸಿಮೆಂಟ್ ಅಷ್ಟೊಂದು ಕೆಟ್ಟದ್ದೇ? ಸುಣ್ಣವನ್ನೂ ಸುಟ್ಟೇ ಮಾಡುವುದಲ್ಲವೇ?

ಒಳ್ಳೆಯ ಪ್ರಶ್ನೆ, ಮತ್ತು ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಅರ್ಧ ಸತ್ಯ. ಸಿಮೆಂಟಿನ ಗೂಡಿಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಬೇಕು, ಸುಣ್ಣದ ಗೂಡಿಗೆ 900ರ ಆಸುಪಾಸು ಸಾಕು. ಆದರೆ ಉರುವಲಿನ ಹೊಗೆಗಿಂತ ದೊಡ್ಡ ಲೆಕ್ಕ ಕಲ್ಲಿನೊಳಗೇ ಇದೆ. 100 ಕಿಲೊ ಶುದ್ಧ ಸುಣ್ಣದ ಕಲ್ಲನ್ನು ಸುಟ್ಟರೆ ಸಿಗುವುದು 56 ಕಿಲೊ ಸುಟ್ಟ ಸುಣ್ಣ. ಉಳಿದ 44 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಗೋಡೆಯ ಮೇಲೆ ಸುಣ್ಣ ಗಟ್ಟಿಯಾಗುವಾಗ ಅದೇ ಅನಿಲವನ್ನು ಗಾಳಿಯಿಂದ ಹೀರಿ ಮತ್ತೆ ಕಲ್ಲಾಗುತ್ತದೆ. ಹೀಗೆ ಕಲ್ಲಿನ ಪಾಲು ಬಹುಮಟ್ಟಿಗೆ ಮರಳಿ ಬರುತ್ತದೆ, ಉರುವಲಿನ ಪಾಲು ಬರುವುದಿಲ್ಲ. ಆದ್ದರಿಂದ ಸುಣ್ಣ ನಿರಪರಾಧಿಯಲ್ಲ.

ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಶೇ. 7–8ರಷ್ಟಿದೆ. ನನ್ನ ತಕರಾರು ಸಿಮೆಂಟಿನ ಗುಣದ ಬಗ್ಗೆ ಅಲ್ಲ, ಅದನ್ನು ಬೇಕಿಲ್ಲದ ಕಡೆ ಸುರಿಯುವುದರ ಬಗ್ಗೆ. ಸೇತುವೆಗೆ ಬೇಕಾದ ಬಲವನ್ನು ಒಂದು ಅಂತಸ್ತಿನ ಮನೆಯ ಗೋಡೆಗೆ ಏಕೆ ಕೊಡಬೇಕು? ನಿಜವಾದ ಉಳಿತಾಯ ಇರುವುದು ಸುಡದ ಮಣ್ಣಿನಲ್ಲಿ. ಸುಣ್ಣ ಅದಕ್ಕೆ ಹೊದಿಕೆ.

ಖರ್ಚು ಕಡಿಮೆ ಎನ್ನುತ್ತಾರೆ, ಹೌದೇ?

ವಸ್ತುವಿನ ಖರ್ಚು ಕಡಿಮೆ, ಕೂಲಿ ಹೆಚ್ಚು, ಕಾಲ ಇನ್ನೂ ಹೆಚ್ಚು. ಛಾವಣಿ, ಬಾಗಿಲು, ಕಿಟಕಿ, ನಲ್ಲಿ, ವಿದ್ಯುತ್ತು ಇವುಗಳ ವೆಚ್ಚ ಎಲ್ಲ ಮನೆಗೂ ಒಂದೇ. ಗೋಡೆಯನ್ನು ಪುಕ್ಕಟೆಯಾಗಿ ಕಟ್ಟಿದರೂ ಮನೆಯ ಒಟ್ಟು ಲೆಕ್ಕ ಅರ್ಧಕ್ಕಿಳಿಯುವುದಿಲ್ಲ. ಸ್ವಂತ ದುಡಿಮೆ ಹಾಕುವವರಿಗೆ ಅಗ್ಗ. ಎಲ್ಲವನ್ನೂ ಗುತ್ತಿಗೆಗೆ ಕೊಡುವವರಿಗೆ ಹಾಗೆನ್ನಲಾಗದು.

ನನ್ನ ನಿವೇಶನದ ಮಣ್ಣು ಆಗುತ್ತದೆಯೇ ಎಂದು ತಿಳಿಯುವುದು ಹೇಗೆ?

ಮೇಲ್ಮಣ್ಣನ್ನು ಬಿಟ್ಟುಬಿಡಿ. ಬೇರು, ಗೊಬ್ಬರ, ಕೊಳೆತ ಎಲೆ ಇರುವ ಆ ಪದರ ಗಿಡಗಳಿಗೆ ಸೇರಿದ್ದು. ಅದರ ಕೆಳಗಿನ ಮಣ್ಣನ್ನು ತೆಗೆದು ಮೂರು ಪರೀಕ್ಷೆ ಮಾಡಿ.

ಪಾರದರ್ಶಕ ಬಾಟಲಿಯ ಮೂರನೇ ಒಂದು ಭಾಗ ಮಣ್ಣು ತುಂಬಿ, ನೀರು ಹಾಕಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ, ಅದರ ಮೇಲೆ ರೇವೆ, ಅಂದರೆ ಮರಳಿಗಿಂತ ನುಣುಪಾದ ಹೂಳು, ಎಲ್ಲಕ್ಕಿಂತ ಮೇಲೆ ನಿಧಾನವಾಗಿ ಜೇಡಿ, ಅಂದರೆ ಅಂಟುವ ನುಣ್ಣನೆಯ ಮಣ್ಣು. ಪದರಗಳನ್ನು ಅಳೆದರೆ ಅಂದಾಜು ಪ್ರಮಾಣ ಸಿಗುತ್ತದೆ. ಎರಡನೆಯದು, ಒದ್ದೆ ಮಣ್ಣಿನ ಉಂಡೆಯನ್ನು ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡುವುದು. ಪುಡಿಪುಡಿಯಾದರೆ ಜೇಡಿ ಸಾಲದು. ಬಿರುಕೇ ಬಿಡದೆ ಚಪ್ಪಟೆಯಾದರೆ ಜೇಡಿ ಅತಿಯಾಗಿದೆ.

ಮೂರನೆಯದನ್ನು ಜನ ಸೋಮಾರಿತನದಿಂದ ಬಿಟ್ಟುಬಿಡುತ್ತಾರೆ, ಆದರೆ ಮುಖ್ಯವಾದದ್ದು ಅದೇ. 60 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 4 ಸೆಂ.ಮೀ. ಆಳದ ಮರದ ಪೆಟ್ಟಿಗೆಗೆ ಎಣ್ಣೆ ಸವರಿ, ಕಲಸಿದ ಮಣ್ಣನ್ನು ಒತ್ತಿ ತುಂಬಿ, ಪೂರ್ತಿ ಒಣಗಲು ಬಿಡಿ. ತುಂಡುಗಳನ್ನೆಲ್ಲ ಒಂದು ಬದಿಗೆ ಸರಿಸಿ ಎಷ್ಟು ಜಾಗ ಖಾಲಿಯಾಯಿತೆಂದು ಅಳೆಯಿರಿ. ಒಂದೂವರೆ ಸೆಂ.ಮೀ. ಒಳಗಿದ್ದರೆ ಚಿಂತೆಯಿಲ್ಲ. ನಾಲ್ಕೈದು ಸೆಂ.ಮೀ. ಕುಗ್ಗಿದ್ದರೆ ಮರಳು ಬೆರೆಸದೆ ಗತಿಯಿಲ್ಲ. ಎರೆಮಣ್ಣಿನಂಥ ಉಬ್ಬುವ ಮಣ್ಣು ಈ ಪೆಟ್ಟಿಗೆಯಲ್ಲಿ ತಾನಾಗಿಯೇ ಸಿಕ್ಕಿಬೀಳುತ್ತದೆ.

## ಸುಣ್ಣದ ಕೆಲಸ

ಸುಟ್ಟ ಸುಣ್ಣ, ಅರಳಿದ ಸುಣ್ಣ, ಹೈಡ್ರಾಲಿಕ್ ಸುಣ್ಣ: ಯಾವುದನ್ನು ತರಲಿ?

ಗೂಡಿನಿಂದ ಬರುವ ಗಟ್ಟಿಯೇ ಸುಟ್ಟ ಸುಣ್ಣ. ಅದಕ್ಕೆ ನೀರು ಕುಡಿಸಿದರೆ ಅರಳಿದ ಸುಣ್ಣ. ಇದು ಪುಡಿಯಾಗಿಯೂ ಬೆಣ್ಣೆಯಂಥ ಮುದ್ದೆಯಾಗಿಯೂ ಸಿಗುತ್ತದೆ ಮತ್ತು ಗಾಳಿಯಿಂದ ಮಾತ್ರ ಗಟ್ಟಿಯಾಗುತ್ತದೆ. ಜೇಡಿಯ ಅಂಶವಿರುವ ಸುಣ್ಣದ ಕಲ್ಲನ್ನು ಸುಟ್ಟಾಗ ಸಿಗುವುದು ಹೈಡ್ರಾಲಿಕ್ ಸುಣ್ಣ. ಅದು ನೀರಿನೊಡನೆಯೂ ಕೂಡಿ ಗಟ್ಟಿಯಾಗುತ್ತದೆ, ಆದ್ದರಿಂದ ತೇವದ ಜಾಗಕ್ಕೆ ಒಗ್ಗುತ್ತದೆ. ಒಳಗೋಡೆಗೆ ಮುದ್ದೆ ಸುಣ್ಣ, ಬುಡಕ್ಕೂ ಮಳೆ ಬಡಿಯುವ ಬದಿಗೂ ಹೈಡ್ರಾಲಿಕ್ ಸುಣ್ಣ ಎಂಬುದು ಸಾಮಾನ್ಯ ಹಂಚಿಕೆ. ಎರಡನೆಯದು ಸಿಗದಿದ್ದರೆ ಮುದ್ದೆ ಸುಣ್ಣಕ್ಕೆ ನುಣ್ಣಗೆ ಅರೆದ ಸುರ್ಕಿ, ಅಂದರೆ ಹದವಾಗಿ ಸುಟ್ಟ ಇಟ್ಟಿಗೆಯ ಪುಡಿ, ಬೆರೆಸಬಹುದು. ರೋಮನ್ನರು ಜ್ವಾಲಾಮುಖಿಯ ಬೂದಿಯಿಂದ ಮಾಡಿದ್ದೂ ಇದೇ ಕೆಲಸ. ರೋಮ್ ನಗರದ ಪುರಾತನ ದೇಗುಲ ಪ್ಯಾಂಥಿಯನ್ನಿನ 43 ಮೀಟರ್ ಅಗಲದ ಗುಮ್ಮಟ ಕಬ್ಬಿಣದ ಸರಳಿಲ್ಲದೆ ಇಂದಿಗೂ ನಿಂತಿದೆ.

ಎಚ್ಚರಿಕೆ: ಹೊಲಕ್ಕೆ ಹಾಕುವ ಸುಣ್ಣ ಎಂದು ಚೀಲದಲ್ಲಿ ಬರುವುದು ಹಲವು ಸಲ ಬರೀ ಕಲ್ಲಿನ ಪುಡಿ. ಅದು ಎಂದಿಗೂ ಗಟ್ಟಿಯಾಗುವುದಿಲ್ಲ. ಅನುಮಾನ ಬಂದರೆ ಚಮಚೆ ಪುಡಿಗೆ ವಿನೆಗರ್ ಹಾಕಿ. ಜೋರಾಗಿ ನೊರೆ ಬಂದರೆ ಅದು ಸುಡದ ಕಲ್ಲು, ಇಲ್ಲವೇ ಚೀಲದಲ್ಲೇ ಗಾಳಿ ಕುಡಿದು ಸತ್ತ ಸುಣ್ಣ.

ಮನೆಯಲ್ಲೇ ಸುಣ್ಣ ಅರಳಿಸಬಹುದೇ?

ಅರಳಿಸಬಹುದು, ಮಕ್ಕಳು ಮತ್ತು ಸಾಕುಪ್ರಾಣಿಗಳಿಂದ ದೂರದಲ್ಲಿ. ಮೊದಲು ನೀರು, ಆಮೇಲೆ ಅದಕ್ಕೆ ಸ್ವಲ್ಪ ಸ್ವಲ್ಪವೇ ಸುಣ್ಣ. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಸುಣ್ಣ ಸಿಡಿಯುತ್ತದೆ. ನೀರು ಕುದಿಯುವಷ್ಟು ಬಿಸಿಯಾಗುವುದರಿಂದ ತೆಳು ಪ್ಲಾಸ್ಟಿಕ್ ಡಬ್ಬ ಬೇಡ, ಕಬ್ಬಿಣದ ಪೀಪಾಯಿ ಅಥವಾ ನೆಲದ ಗುಂಡಿ ಆಗಲಿ. ಕನ್ನಡಕ, ಕೈಗವಸು, ಉದ್ದ ತೋಳಿನ ಅಂಗಿ ಇಲ್ಲದೆ ಹತ್ತಿರ ಹೋಗಬೇಡಿ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಉಜ್ಜದೆ ಹರಿಯುವ ಶುದ್ಧ ನೀರಿನಲ್ಲಿ ಬಹಳ ಹೊತ್ತು ತೊಳೆದು ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಅರಳಿದ್ದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ. ಅರಳದೆ ಉಳಿದ ಕಾಳುಗಳು ಗಿಲಾವಿನೊಳಗೆ ಸೇರಿಕೊಂಡರೆ ತಿಂಗಳುಗಳ ನಂತರ ಉಬ್ಬಿ ಗೋಡೆಯಲ್ಲಿ ಸಣ್ಣ ಕುಳಿಗಳನ್ನು ಎಬ್ಬಿಸುತ್ತವೆ. ಮುದ್ದೆಯ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮುಚ್ಚಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಳೆಯದಾದಷ್ಟೂ ಕರಣೆಗೆ ಚೆನ್ನಾಗಿ ಒಲಿಯುತ್ತದೆ.

ಒಂದಕ್ಕೆ ಮೂರು ಎನ್ನುತ್ತಾರೆ. ಯಾವಾಗಲೂ ಅದೇ ಅಳತೆಯೇ?

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಎಂಬುದಕ್ಕೆ ಕಾರಣ ಮರಳಿನ ಕಾಳುಗಳ ನಡುವಿನ ಸಂದು. ಆ ಸಂದನ್ನು ತುಂಬುವಷ್ಟು ಸುಣ್ಣ ಬೇಕು. ಪೂರ್ತಿ ಒಣಗಿದ ಮರಳನ್ನು ಒಂದು ಲೀಟರ್ ಪಾತ್ರೆಗೆ ಮಟ್ಟಸ ತುಂಬಿ, ಅಳೆದ ನೀರನ್ನು ಮೇಲ್ಮೈಗೆ ಬರುವತನಕ ಸುರಿಯಿರಿ. 330 ಮಿಲಿಲೀಟರ್ ಹಿಡಿದರೆ ಒಂದಕ್ಕೆ ಮೂರು ಸರಿ. 400 ಹಿಡಿದರೆ ಒಂದಕ್ಕೆ ಎರಡೂವರೆ. ದಪ್ಪ, ನಡು, ಸಣ್ಣ ಕಾಳು ಬೆರೆತ ಒರಟು ಮರಳಿನಲ್ಲಿ ಸಂದು ಕಡಿಮೆ, ಸುಣ್ಣವೂ ಕಡಿಮೆ ಸಾಕು. ಒಂದೇ ಗಾತ್ರದ ನುಣುಪು ಮರಳು ಸುಣ್ಣವನ್ನು ತಿನ್ನುತ್ತದೆ, ಬಿರುಕನ್ನೂ ಕೊಡುತ್ತದೆ.

ಇನ್ನೊಂದು ಮಾತು: ನೀರು ಕಡಿಮೆ, ಕಲಸುವುದು ಹೆಚ್ಚು. ಮೊದಲಿಗೆ ಪುಡಿಪುಡಿಯಾಗಿ ಕಾಣುವ ಗಾರೆ ಕುಟ್ಟಿ ತಿರುವಿದಂತೆ ತಾನೇ ಮೆತ್ತಗಾಗುತ್ತದೆ. ತಾಳ್ಮೆಗೆಟ್ಟು ನೀರು ಸುರಿದರೆ ಆ ನೀರು ಆರಿ ಹೋಗುವಾಗ ಬಿರುಕು ಬಿಟ್ಟು ಹೋಗುತ್ತದೆ.

ಗಿಲಾವು ಹಾಕಿ ವಾರವಾಯಿತು, ಉಗುರಿನಿಂದ ಕೆರೆದರೆ ಉದುರುತ್ತದೆ. ಕೆಟ್ಟು ಹೋಯಿತೇ?

ಬಹುಶಃ ಇಲ್ಲ. ಗಾಳಿಯಿಂದ ಗಟ್ಟಿಯಾಗುವ ಸುಣ್ಣ ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಆಳಕ್ಕೆ ಕಲ್ಲಾಗುತ್ತದೆ ಎಂಬುದು ಕಸುಬಿನವರ ಅಂದಾಜು. ಕೇಳಬೇಕಾದದ್ದು ಬೇರೆ: ಗೋಡೆಯನ್ನು ತೇವವಾಗಿ ಇಟ್ಟಿದ್ದೀರಾ? ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಮೊದಲು ಗಾರೆಯೊಳಗಿನ ನೀರಿನ ತೆಳು ಪೊರೆಯಲ್ಲಿ ಕರಗಿದರೆ ಮಾತ್ರ ಸುಣ್ಣಕ್ಕೆ ಸಿಗುತ್ತದೆ. ಪೂರ್ತಿ ಒಣಗಿದ ಗಾರೆಯಲ್ಲಿ ಕೆಲಸ ನಿಂತುಹೋಗುತ್ತದೆ, ನೀರಿನಲ್ಲಿ ತೊಯ್ದ ಗಾರೆಯೊಳಗೆ ಗಾಳಿ ಹೋಗುವುದಿಲ್ಲ. ಆದ್ದರಿಂದ ಒದ್ದೆ ಗೋಣಿ ಇಳಿಬಿಟ್ಟು ಬಿಸಿಲನ್ನೂ ಬಿರುಗಾಳಿಯನ್ನೂ ತಡೆಯಿರಿ, ಮಂಜಿನಂತೆ ನೀರು ಚಿಮುಕಿಸಿ, ನಡುನಡುವೆ ಆರಲು ಬಿಡಿ. ಬೇಗ ಒಣಗಲಿ ಎಂದು ಫ್ಯಾನ್ ಹಾಕುವವರಿದ್ದಾರೆ. ಸುಣ್ಣಕ್ಕೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಖಚಿತವಾಗಿ ತಿಳಿಯಬೇಕಾದರೆ ಚಿಕ್ಕ ತುಂಡನ್ನು ಮುರಿದು ಹೊಸ ಮೈಗೆ ಫಿನಾಲ್ಫ್ತಲೀನ್ ದ್ರಾವಣ (ಕ್ಷಾರ ತಾಗಿದರೆ ಬಣ್ಣ ತೋರುವ ರಾಸಾಯನಿಕ) ಹನಿಸಿ. ಗುಲಾಬಿ ಬಣ್ಣ ಬಂದ ಕಡೆ ಇನ್ನೂ ಹಸಿ ಸುಣ್ಣವಿದೆ. ಬಣ್ಣ ಬಾರದ ಅಂಚು ಕಲ್ಲಾಗಿದೆ.

ಬೆಲ್ಲ, ಮೊಟ್ಟೆ, ಅಂಟು ಸೇರಿಸದಿದ್ದರೆ ಹಳೆಯ ಕಾಲದ ಗಟ್ಟಿತನ ಬರುವುದಿಲ್ಲವಂತೆ?

ಹಾಗೇನಿಲ್ಲ. ಅವು ಕೆಲಸ ಮಾಡುವುದು ನಿಜ, ಮಾಡುವ ಕೆಲಸ ಮಾತ್ರ ಬೇರೆ ಬೇರೆ. ಸಕ್ಕರೆಯ ಅಂಶ ಸುಣ್ಣವನ್ನು ನೀರಿನಲ್ಲಿ ಹೆಚ್ಚು ಕರಗಿಸುತ್ತದೆ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೊಟೀನ್ ಸುಣ್ಣದೊಡನೆ ಕೂಡಿ ನೀರಿಗೆ ಬಗ್ಗದ ಅಂಟಾಗುತ್ತದೆ. ಚೀನಾದ ಹಳೆಯ ಗಾರೆಗಳಲ್ಲಿ ಬಳಸಿದ ಅಂಟಕ್ಕಿಯ ಗಂಜಿ ಸುಣ್ಣದ ಹರಳುಗಳನ್ನು ಸಣ್ಣದಾಗಿ, ಒತ್ತೊತ್ತಾಗಿ ಬೆಳೆಯಿಸುತ್ತದೆ. ಪ್ರಮಾಣ ತಪ್ಪಿದರೆ ಗಾರೆ ಗಟ್ಟಿಯಾಗುವುದೇ ತಡವಾಗುತ್ತದೆ, ಬೂಷ್ಟೂ ಹಿಡಿಯುತ್ತದೆ. ಒಳ್ಳೆಯ ಮರಳು, ಸೋಸಿದ ಸುಣ್ಣ, ತೇವದ ಆರೈಕೆ ಈ ಮೂರೂ ಸರಿಯಿಲ್ಲದ ಗೋಡೆಯನ್ನು ಯಾವ ಬೆಲ್ಲವೂ ಉಳಿಸದು.

ಸುಣ್ಣ ಬಳಿದ ಗೋಡೆಗೆ ಒರಗಿದರೆ ಬಟ್ಟೆಗೆಲ್ಲ ಬಿಳಿ. ಏನು ಮಾಡಲಿ?

ದಪ್ಪಗೆ ಬಳಿದಿದ್ದೀರಿ, ಇಲ್ಲವೇ ಒಣ ಗೋಡೆಗೆ ಬಳಿದಿದ್ದೀರಿ. ಉದುರುವುದನ್ನು ಉಜ್ಜಿ ತೆಗೆದು, ಗೋಡೆ ನೆನೆಸಿ, ಹಾಲಿನಷ್ಟು ತೆಳುವಾದ ಸುಣ್ಣವನ್ನು ದಿನಕ್ಕೊಂದರಂತೆ ನಾಲ್ಕೈದು ಸಲ ಬಳಿಯಿರಿ. ಬಳಿದಾಗ ಅರೆಪಾರದರ್ಶಕವಾಗಿ ಕಾಣುವುದು ಸಹಜ, ಆರಿದಂತೆ ಬಿಳುಪೇರುತ್ತದೆ. ಬಣ್ಣ ಬೇಕಿದ್ದರೆ ಕಬ್ಬಿಣದ ಆಕ್ಸೈಡಿನ ಕೆಂಪು, ಹಳದಿ, ಕಂದು ನಿಲ್ಲುತ್ತವೆ. ಗಿಡಮೂಲದ ಬಹಳಷ್ಟು ಬಣ್ಣಗಳನ್ನು ಸುಣ್ಣದ ಕ್ಷಾರ ತಿಂದುಹಾಕುತ್ತದೆ.

## ಮಣ್ಣಿನ ಕೆಲಸ

ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿದರೆ ನಿಶ್ಚಿಂತೆ ಅಲ್ಲವೇ?

ಕೆಲವೆಡೆ ಹೌದು. ಶೇ. 5–8ರಷ್ಟು ಸಿಮೆಂಟ್ ಹಾಕಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ ನೀರಿನಲ್ಲಿ ಕರಗುವುದಿಲ್ಲ, ಗೋಡೆಯನ್ನು ತೆಳುವಾಗಿ ಕಟ್ಟಬಹುದು. ಆದರೆ ದಪ್ಪ ಗೋಡೆಗಳಲ್ಲಿ ಈ ‘ಸ್ವಲ್ಪ’ದ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ಬಡಿದು ಕಟ್ಟಿದ ಮಣ್ಣು ಘನ ಮೀಟರಿಗೆ ಸುಮಾರು 2000 ಕಿಲೊ ತೂಗುತ್ತದೆ. ಅದರಲ್ಲಿ ಶೇ. 8 ಎಂದರೆ 160 ಕಿಲೊ ಸಿಮೆಂಟ್. 30 ಸೆಂ.ಮೀ. ದಪ್ಪದ ಗೋಡೆಯ ಒಂದು ಚದರ ಮೀಟರಿಗೆ 48 ಕಿಲೊ ಆಯಿತು. ಘನ ಮೀಟರಿಗೆ 300 ಕಿಲೊ ಸಿಮೆಂಟ್ ಹಾಕಿದ ಕಾಂಕ್ರೀಟಿನ 10 ಸೆಂ.ಮೀ. ಗೋಡೆಯಲ್ಲಿ ಚದರ ಮೀಟರಿಗೆ ಇರುವುದು 30 ಕಿಲೊ. ನೋಡಲು ಮಣ್ಣು, ಲೆಕ್ಕದಲ್ಲಿ ಕಾಂಕ್ರೀಟಿಗಿಂತ ಭಾರ. ಸುಂದರ ಚಿತ್ರಗಳಲ್ಲಿ ‘ಪರಿಸರಸ್ನೇಹಿ’ ಎಂದು ಮೆರೆಯುವ ಎಷ್ಟೋ ಗೋಡೆಗಳು ಈ ಜಾತಿಯವು.

ಸಿಮೆಂಟ್ ಚೆನ್ನಾಗಿ ಹಿಡಿಯುವುದು ಮರಳು ಹೆಚ್ಚಿರುವ ಮಣ್ಣನ್ನು. ಜೇಡಿ ಹೆಚ್ಚಿದ್ದರೆ ಸುಣ್ಣ ಉತ್ತಮ. ಅದು ಮೊದಲು ಜೇಡಿಯ ಅಂಟುತನ ಇಳಿಸುತ್ತದೆ, ಆಮೇಲೆ ವಾರಗಳ ಕಾಲ ನಿಧಾನವಾಗಿ ಜೇಡಿಯೊಡನೆಯೇ ಕೂಡಿ ಬೆಸೆಯುತ್ತದೆ. ಒಳ್ಳೆಯ ಸೂರು ಇರುವ ದಪ್ಪ ಗೋಡೆಗೆ ಎರಡೂ ಬೇಡ.

ಮಣ್ಣಿನ ಗಿಲಾವು ಜಾಲಜಾಲವಾಗಿ ಬಿರುಕು ಬಿಟ್ಟಿದೆ.

ಜೇಡಿ ಹೆಚ್ಚು, ಮರಳು ಕಡಿಮೆ. ಮುಂದಿನ ಸಲ ಒಂದು ಪಾಲು ಮಣ್ಣಿಗೆ ಎರಡು, ಮೂರು, ನಾಲ್ಕು ಪಾಲು ಮರಳು ಎಂದು ಅಂಗೈಯಗಲದ ತೇಪೆಗಳನ್ನು ಅದೇ ಗೋಡೆಯ ಮೇಲೆ ಹಾಕಿ, ಒಣಗಿದ ಮೇಲೆ ಆರಿಸಿಕೊಳ್ಳಿ. ಕತ್ತರಿಸಿದ ಹುಲ್ಲು ಬಿರುಕನ್ನು ಹಂಚಿ ಸಣ್ಣದಾಗಿಸುತ್ತದೆ. ಮೊದಲ ಪದರದ ಬಿರುಕಿಗೆ ಹೆದರಬೇಡಿ, ಎರಡನೆಯದಕ್ಕೆ ಅದೇ ಹಿಡಿತ.

ಗೆದ್ದಲು?

ಗೆದ್ದಲಿಗೆ ಬೇಕಾದದ್ದು ಮರ ಮತ್ತು ಹುಲ್ಲು. ಮಣ್ಣು ಅದರ ದಾರಿ. ಬುನಾದಿಯ ಮೇಲೆ ಸಂದಿಲ್ಲದ ಗಟ್ಟಿ ಪದರ ಕೊಡಿ, ಬುಡದ ಸುತ್ತ ಕಣ್ಣಿಗೆ ಕಾಣುವಂತೆ ಜಾಗ ಬಿಡಿ, ಗೋಡೆಗೆ ಸೌದೆ ಒಟ್ಟಬೇಡಿ. ಮರದ ಚೌಕಟ್ಟು ಮತ್ತು ಬಿದಿರಿಗೆ ಬೊರಾಕ್ಸ್–ಬೋರಿಕ್ ಆಮ್ಲದ ದ್ರಾವಣದ ಉಪಚಾರ ಒಳ್ಳೆಯದು. ಆದರೆ ಅದು ನೀರಿಗೆ ತೊಳೆದುಹೋಗುತ್ತದೆ, ಮಳೆ ತಾಗುವಲ್ಲಿ ಪ್ರಯೋಜನವಿಲ್ಲ.

ಸ್ನಾನದ ಕೋಣೆಯನ್ನೂ ಮಣ್ಣಿನಲ್ಲೇ ಕಟ್ಟಬೇಕೆಂಬ ಆಸೆ.

ಹಟ ಬೇಡ. ನೀರು ನೇರವಾಗಿ ಬೀಳುವ ಗೋಡೆಯನ್ನು ಕಲ್ಲು ಅಥವಾ ಸುಟ್ಟ ಇಟ್ಟಿಗೆಯಲ್ಲಿ ಕಟ್ಟಿ, ಉಳಿದದ್ದು ಮಣ್ಣಾಗಲಿ. ಹೊಳಪಿನ ಸುಣ್ಣವೇ ಬೇಕಿದ್ದರೆ ಮೊರಾಕ್ಕೋದ ತದೆಲಕ್ತ್ ಇದೆ: ಹೈಡ್ರಾಲಿಕ್ ಗುಣದ ಸುಣ್ಣದ ಗಿಲಾವನ್ನು ನುಣುಪು ಕಲ್ಲಿನಿಂದ ತಿಕ್ಕಿ, ಆಲಿವ್ ಎಣ್ಣೆಯ ಸಾಬೂನು ಸವರಿ ನೀರು ಒಳಹೋಗದಂತೆ ಮಾಡುವ ವಿಧಾನ. ಕೈ ಪಳಗಿದವರೇ ಮಾಡಬೇಕು.

## ಇನ್ನೂ ಮುಂದೆ ಹೋದವರಿಗೆ

ಮಣ್ಣಿನ ಗೋಡೆ ಛಾವಣಿಯ ಭಾರ ಹೊರುತ್ತದೆಯೇ? ನಮ್ಮ ಇಂಜಿನಿಯರ್ ಒಪ್ಪುತ್ತಿಲ್ಲ.

ಲೆಕ್ಕ ತೋರಿಸಿ. ಮೂರು ಮೀಟರ್ ಎತ್ತರದ ಗೋಡೆ ಘನ ಮೀಟರಿಗೆ 1800 ಕಿಲೊ ತೂಗಿದರೆ ಬುಡದ ಪ್ರತಿ ಚದರ ಮೀಟರಿನ ಮೇಲೆ 5400 ಕಿಲೊ ಭಾರ, ಅಂದರೆ ಒತ್ತಡದ ಅಳತೆಯಲ್ಲಿ ಸುಮಾರು 0.05 ಮೆಗಾಪಾಸ್ಕಲ್. ಹಗುರ ಛಾವಣಿ ಸೇರಿಸಿದರೂ 0.1ರ ಆಸುಪಾಸು. ಏನೂ ಸೇರಿಸದ ಒಳ್ಳೆಯ ಹಸಿ ಇಟ್ಟಿಗೆಯೇ ಒಣಗಿದಾಗ ಒಂದು ಮೆಗಾಪಾಸ್ಕಲ್ ದಾಟುತ್ತದೆ. ಒತ್ತುವ ಭಾರ ಸಮಸ್ಯೆಯೇ ಅಲ್ಲ. ನೆನೆದಾಗ ಈ ಬಲ ಕುಸಿಯುತ್ತದೆ ಎಂಬುದು ಮತ್ತು ಅಡ್ಡ ತಳ್ಳುವಿಕೆಗೆ, ಎಳೆತಕ್ಕೆ ಮಣ್ಣು ಬಗ್ಗುವುದಿಲ್ಲ, ಮುರಿಯುತ್ತದೆ ಎಂಬುದು ನಿಜವಾದ ಸಮಸ್ಯೆ. ಇಂಜಿನಿಯರಿಗೆ ಆಧಾರ ಬೇಕಿದ್ದರೆ ನ್ಯೂಜಿಲೆಂಡ್ 1998ರಲ್ಲೇ ಮಣ್ಣಿನ ಕಟ್ಟಡಕ್ಕೆ ಮಾನಕಗಳನ್ನು ಹೊರತಂದಿದೆ. ಜರ್ಮನಿಯಲ್ಲಿ ಮಣ್ಣಿನ ಇಟ್ಟಿಗೆ, ಗಾರೆ, ಗಿಲಾವಿಗೆ ಪ್ರತ್ಯೇಕ ಮಾನಕಗಳಿವೆ.

ಭೂಕಂಪವಾದರೆ?

ಇಲ್ಲಿ ಸಮಾಧಾನದ ಮಾತು ಹೇಳಲಾರೆ. 2003ರ ಡಿಸೆಂಬರ್‌ನಲ್ಲಿ ಇರಾನಿನ ಬಾಮ್ ನಗರದಲ್ಲಿ 26,000ಕ್ಕೂ ಹೆಚ್ಚು ಜನ ಸತ್ತರು, ಬಹಳ ಮಂದಿ ಹಸಿ ಇಟ್ಟಿಗೆಯ ಗೋಡೆ ಮತ್ತು ಭಾರದ ಛಾವಣಿಗಳ ಕೆಳಗೆ. ಬಲವರ್ಧನೆಯಿಲ್ಲದ ಮಣ್ಣಿನ ಮನೆ ಭೂಕಂಪದ ವಲಯದಲ್ಲಿ ಅಪಾಯಕಾರಿ.

ಕಟ್ಟಲೇಬೇಕಿದ್ದರೆ ಗೋಡೆಯ ಎತ್ತರ ದಪ್ಪದ ಎಂಟು ಪಟ್ಟನ್ನು ಮೀರದಿರಲಿ. ಬಾಗಿಲು ಕಿಟಕಿಗಳು ಕಿರಿದಾಗಿರಲಿ, ಮೂಲೆಯಿಂದ 1.2 ಮೀಟರ್ ದೂರವಿರಲಿ. ಗೋಡೆಗಳ ತಲೆಯನ್ನು ಸುತ್ತಲೂ ಕಡಿಯದ ಪಟ್ಟಿಯಿಂದ ಬಿಗಿಯಿರಿ. ಒಳಗೆ ಬಿದಿರಿನ ಅಡ್ಡ–ಉದ್ದ ಬಲವರ್ಧನೆ ಅಥವಾ ಎರಡೂ ಮೈಗೆ ಹೊಲಿದ ಗಟ್ಟಿ ಬಲೆ ಇರಲಿ. ಛಾವಣಿ ಹಗುರವಾಗಿರಲಿ. ವಿನ್ಯಾಸವನ್ನು ಬಲ್ಲ ಇಂಜಿನಿಯರ್ ನೋಡದೆ ಬುನಾದಿ ತೋಡಬೇಡಿ. ತಡಿಕೆಗೆ ಮಣ್ಣು ಮೆತ್ತಿದ ಗೋಡೆ, ಒಳ್ಳೆಯ ಮರದ ಚೌಕಟ್ಟಿದ್ದರೆ, ಇಂಥ ಕಡೆ ದಪ್ಪ ಗೋಡೆಗಿಂತ ಕ್ಷೇಮ.

ಮಣ್ಣಿನ ಮನೆ ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ನಿಜವೇ?

ಅರ್ಧ ನಿಜ. 30 ಸೆಂ.ಮೀ. ಮಣ್ಣಿನ ಗೋಡೆ ಹೊರಗಿನ ಬಿಸಿಯನ್ನು ಎಂಟು–ಹತ್ತು ಗಂಟೆ ತಡವಾಗಿ ಒಳಗೆ ಬಿಡುತ್ತದೆ. ಹಗಲು ಸುಡುವ, ರಾತ್ರಿ ತಣಿಯುವ ಕಡೆ ಇದು ವರ. ಹಗಲಿರುಳೂ ಒಂದೇ ಸಮನೆ ಬಿಸಿ ಅಥವಾ ಕೊರೆವ ಚಳಿ ಇರುವಲ್ಲಿ ತಡಮಾಡುವುದರಿಂದ ಏನೂ ಉಪಯೋಗವಿಲ್ಲ, ಶಾಖವನ್ನು ತಡೆಯುವುದು ಬೇಕು. ಆ ಕೆಲಸಕ್ಕೆ ದಟ್ಟ ಮಣ್ಣು ಬರುವುದಿಲ್ಲ. ಅಲ್ಲಿ ಜೇಡಿಯ ತಿಳಿಯಲ್ಲಿ ಅದ್ದಿದ ಹುಲ್ಲನ್ನೋ ಸುಣ್ಣ ಬೆರೆಸಿದ ಸೆಣಬಿನ ಕಡ್ಡಿಯನ್ನೋ ತುಂಬಿದ ಹಗುರ ಗೋಡೆ ಬೇಕು.

ಹಳೆಯ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಹಾಕಿಸಿದ್ದೆವು. ಈಗ ಹಲಗೆಯಂತೆ ಕಳಚುತ್ತಿದೆ, ಬುಡದಲ್ಲಿ ಬಿಳಿ ಪುಡಿ.

ನೆಲದಿಂದ ತೇವ ಮೇಲೇರುತ್ತಿದೆ. ಮೊದಲು ಅದು ಗೋಡೆಯ ಮೈಯಿಂದ ಆರಿಹೋಗುತ್ತಿತ್ತು. ಸಿಮೆಂಟಿನ ಚಿಪ್ಪು ಆ ದಾರಿ ಮುಚ್ಚಿತು. ತೇವ ಇನ್ನೂ ಎತ್ತರಕ್ಕೆ ಹೋಯಿತು, ಅದರೊಡನೆ ಉಪ್ಪೂ. ಉಪ್ಪು ಚಿಪ್ಪಿನ ಹಿಂದೆ ಹರಳುಗಟ್ಟಿ ಮಣ್ಣನ್ನು ಪುಡಿಮಾಡುತ್ತಿದೆ. ಚಿಪ್ಪಿಗೆ ಬಿದ್ದ ಕೂದಲೆಳೆಯ ಬಿರುಕಿನಿಂದ ಮಳೆನೀರೂ ಒಳಗೆ ಸೇರಿ ಅಲ್ಲೇ ಉಳಿಯುತ್ತದೆ.

ಆತುರಪಟ್ಟು ಕಿತ್ತುಹಾಕಬೇಡಿ. ಒಳಗಿನ ಮಣ್ಣು ನೆನೆದು ಮೆತ್ತಗಾಗಿದ್ದರೆ ಗೋಡೆ ನಿಂತಿರುವುದೇ ಆ ಚಿಪ್ಪಿನ ಆಸರೆಯಲ್ಲಿರಬಹುದು. ಮೊದಲು ಹೊರಗಿನ ನೆಲವನ್ನು ಒಳಗಿನ ನೆಲಮಟ್ಟಕ್ಕಿಂತ ತಗ್ಗಿಸಿ, ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಕೊಡಿ, ಸೋರುವ ಸೂರು ಸರಿಪಡಿಸಿ. ಆಮೇಲೆ ಛಾವಣಿಗೆ ಕಂಬದ ಆಸರೆ ಕೊಟ್ಟು ಸಣ್ಣ ಸಣ್ಣ ಭಾಗಗಳಾಗಿ ಸಿಮೆಂಟ್ ತೆಗೆಯಿರಿ. ಸತ್ತ ಮಣ್ಣನ್ನು ಗುಡಿಸಿ, ಕುಳಿಗಳಿಗೆ ಅದೇ ಬಗೆಯ ಹಸಿ ಇಟ್ಟಿಗೆಯ ತುಂಡು ಕೂಡಿಸಿ, ಗೋಡೆ ಒಂದು ಒಣ ಋತುವಿಡೀ ಆರಲಿ. ಕೊನೆಗೆ ಸುಣ್ಣದ ಗಿಲಾವು. ಬುಡದ ಮೊದಲ ಗಿಲಾವು ಉಳಿದ ಉಪ್ಪನ್ನು ಹೀರಿಕೊಂಡು ತಾನು ಹಾಳಾಗುತ್ತದೆ. ಅದನ್ನು ತೆಗೆದು ಮತ್ತೊಮ್ಮೆ ಹಾಕುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.